ಮೇಳದ ಗುರು ಸೆಬಾಸ್ಟಿಯನ್ ಬಾಖ್

ಹಲವು ಕಂಠಗಳನ್ನು ಕೂಡಿಸಿ ಒಂದೇ ಶ್ರುತಿಯಲ್ಲಿ ದೇವರ ನಾಮವನ್ನು ಹಾಡಿಸುವ ಕೆಲಸವು ನೋಡುವವರಿಗೆ ಸುಲಭವೆಂದು ತೋರುತ್ತದೆ. ಊರ ಮಠದಲ್ಲಿ ಒಂದು ಶ್ರಾವಣಮಾಸವಾದರೂ ಭಜನೆಯ ಮೇಳವನ್ನು ನಡೆಸಿ ನೋಡಿದವರು ಮಾತ್ರ ಅದರ ಕಷ್ಟವನ್ನು ಬಲ್ಲರು. ಒಬ್ಬನ ಕಂಠವು ಏರುತ್ತದೆ, ಇನ್ನೊಬ್ಬನದು ಇಳಿಯುತ್ತದೆ; ಒಬ್ಬನು ತಾಳವನ್ನು ಮುಂದೋಡಿಸಿದರೆ ಮತ್ತೊಬ್ಬನು ಹಿಂದೆ ಬೀಳುತ್ತಾನೆ. ಮುಂದಾಳಾದವನ ಕಿವಿಯು ಎಷ್ಟು ಸೂಕ್ಷ್ಮವೋ ಅವನ ಸಿಟ್ಟೂ ಅಷ್ಟೇ ತೀಕ್ಷ್ಣ. ಆ ಸಿಟ್ಟು ನಾಲಿಗೆಗೆ ಇಳಿಯಿತೆಂದರೆ ಮರುದಿನ ಮೇಳಕ್ಕೆ ಬರುವವರ ಸಂಖ್ಯೆ ಕಡಿಮೆಯಾಗುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಅಗ್ರಗಣ್ಯನೆನಿಸಿದ ಯೋಹಾನ್ ಸೆಬಾಸ್ಟಿಯನ್ ಬಾಖನು ತನ್ನ ಬಾಳಿನ ಕೊನೆಯ ಇಪ್ಪತ್ತೇಳು ವರುಷಗಳನ್ನು ಇಂಥದೇ ಒಂದು ಕಾಯಕದಲ್ಲಿ ಸವೆಸಿದನು. ಆತನ ರಚನೆಗಳ ಹಿರಿಮೆಯನ್ನು ಲೋಕವು ಬಲ್ಲುದು. ಬಡ ಹುಡುಗರ ಒಂದು ಮೇಳದ ಮುಂದೆ ನಿಂತು ಆತನು ಪಟ್ಟ ಪಾಡೂ, ತೋರಿದ ಎಚ್ಚರವೂ, ಮಾಡಿದ ತಪ್ಪೂ ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ.

ಜರ್ಮನಿಯ ಥುರಿಂಗಿಯಾ ಪ್ರಾಂತದ ಐಸೆನಾಖ್ ಎಂಬ ಊರಿನಲ್ಲಿ 1685 ರ ಮಾರ್ಚ್ 21 ರಂದು ಬಾಖನು ಜನಿಸಿದನು. ಅವನ ಮನೆತನದಲ್ಲಿ ತಲೆತಲಾಂತರದಿಂದ ಸಂಗೀತವೇ ವೃತ್ತಿಯಾಗಿದ್ದಿತು. ತಂದೆ ಆಂಬ್ರೋಸಿಯಸನು ಆ ಊರಿನ ಆಸ್ಥಾನದ ಹಾಗೂ ಪುರದ ವಾದ್ಯಗಾರ. ಎಂಟು ಮಕ್ಕಳಲ್ಲಿ ಕಿರಿಯವನಾದ ಈ ಬಾಲಕನಿಗೆ ಒಂಬತ್ತನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ವರುಷ ತುಂಬುವುದರೊಳಗೆ ತಂದೆಯೂ ತೀರಿದನು. ಓರ್ಡ್ರುಫ್ ಎಂಬ ಊರಿನಲ್ಲಿ ಚರ್ಚಿನ ಆರ್ಗನ್ ವಾದಕನಾಗಿದ್ದ ಹಿರಿಯ ಅಣ್ಣನು ತಮ್ಮನನ್ನು ಮನೆಗೆ ಕರೆದುಕೊಂಡು ವಿದ್ಯೆ ಕಲಿಸಿದನು. ಅಣ್ಣನ ಬಳಿ ದೊಡ್ಡ ದೊಡ್ಡ ವಾದಕರ ರಚನೆಗಳ ಒಂದು ಪುಸ್ತಕವಿದ್ದಿತೆಂದೂ, ಅದನ್ನು ಅವನು ಮುಟ್ಟಗೊಡದಿರಲು ಬಾಲಕನು ಬೆಳದಿಂಗಳಿನಲ್ಲಿ ಆರು ತಿಂಗಳವರೆಗೆ ಗುಟ್ಟಾಗಿ ನಕಲು ಮಾಡಿದನೆಂದೂ, ಕೊನೆಗೆ ಅಣ್ಣನು ಆ ನಕಲನ್ನೂ ಕಸಿದುಕೊಂಡನೆಂದೂ ಬಾಖನ ಮರಣಾನಂತರ ಪ್ರಕಟವಾದ ಚರಿತ್ರೆಯು ಹೇಳುತ್ತದೆ. ಕಲಿಯುವ ಹಂಬಲವು ಎಂಥದೆಂಬುದನ್ನು ತಾನೇ ಅನುಭವಿಸಿದ್ದ ಮನುಷ್ಯನು ಮುಂದೆ ಕಲಿಯಲೊಲ್ಲದ ಹುಡುಗರ ನಡುವೆ ನಿಲ್ಲಬೇಕಾಗಿ ಬಂದುದನ್ನು ಅರಿಯಲು ಈ ಸಂಗತಿ ನೆನಪಿನಲ್ಲಿರಬೇಕು.

ಹದಿನೈದನೆಯ ವಯಸ್ಸಿನಲ್ಲಿ ಬಾಖನು ಜಾರ್ಜ್ ಎರ್ಡ್‌ಮನ್ ಎಂಬ ಸಹಪಾಠಿಯೊಡನೆ ಉತ್ತರಕ್ಕೆ ದೂರದ ಲ್ಯೂನೆಬುರ್ಗಿಗೆ ಹೋದನು. ಒಳ್ಳೆಯ ಕಂಠವುಳ್ಳ ಬಡ ಹುಡುಗರಿಗೆ ಅನ್ನ ವಿದ್ಯೆಗಳನ್ನಿತ್ತು ಪ್ರಾರ್ಥನಾಮೇಳದಲ್ಲಿ ಹಾಡಿಸಿಕೊಳ್ಳುವ ಪದ್ಧತಿ ಅಲ್ಲಿಯ ಸಂತ ಮೈಕೇಲನ ಶಾಲೆಯಲ್ಲಿದ್ದಿತು. ಹೀಗೆ ಮೇಳದ ಅನ್ನವನ್ನು ಉಂಡೇ ಆತನು ಬೆಳೆದನು. ಕೆಲವೇ ದಿನಗಳಲ್ಲಿ ಬಾಲ್ಯದ ಕಂಠವು ಒಡೆದುಹೋದರೂ ವಾದ್ಯಗಳ ಬಲದಿಂದ ಅಲ್ಲಿ ಉಳಿದುಕೊಂಡನು.

1703 ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಆರ್ನ್‌ಸ್ಟಾಟ್ ಎಂಬ ಊರಿನ ಚರ್ಚಿನಲ್ಲಿ ಆರ್ಗನ್ ವಾದಕನ ಸ್ಥಾನವು ದೊರೆಯಿತು. ಅಲ್ಲಿಯೇ ಆತನಿಗೆ ಮೇಳದ ಮೊದಲ ಪಾಠವಾಯಿತು. ಅದು ಕಹಿಯಾದ ಪಾಠ. ಆ ಊರಿನ ಶಾಲೆಯ ವಿದ್ಯಾರ್ಥಿಗಳು ಚರ್ಚಿನಲ್ಲಿ ಹಾಡಬೇಕಾಗಿದ್ದಿತು. ಅವರಲ್ಲಿ ಕೆಲವರು ಬಾಖನಿಗಿಂತ ವಯಸ್ಸಿನಲ್ಲಿ ಹಿರಿಯರು. ಶಿಸ್ತಂತೂ ಯಾರಲ್ಲಿಯೂ ಇರಲಿಲ್ಲ. ಅವರಲ್ಲೊಬ್ಬನಾದ ಗಾಯರ್ಸ್‌ಬಾಖ್ ಎಂಬವನು ಬಸೂನ್ ಎಂಬ ಉದ್ದನೆಯ ಊದುವ ವಾದ್ಯವನ್ನು ನುಡಿಸುತ್ತಿದ್ದನು. ಅವನ ವಾದನವನ್ನು ಹೀಗಳೆದು ಬಾಖನು ಒಂದು ಕೀಳು ಅಡ್ಡಹೆಸರನ್ನಿಟ್ಟನು. 1705 ರ ಆಗಸ್ಟ್ ತಿಂಗಳ ಒಂದು ರಾತ್ರಿ ಸಂತೆಯ ಚೌಕದಲ್ಲಿ ಆ ವಿದ್ಯಾರ್ಥಿಯು ಜೊತೆಗಾರರೊಡನೆ ಕಾದು ಕುಳಿತು, ಬಾಖನು ಬಂದಾಗ ದೊಣ್ಣೆ ಹಿಡಿದು ಅಡ್ಡಗಟ್ಟಿದನು. ಬಾಖನೂ ಸುಮ್ಮನಿರದೆ ಸೊಂಟದ ಕತ್ತಿಯನ್ನು ಹಿರಿದನು. ಬಳಿಯಿದ್ದವರು ನಡುವೆ ಬಂದುದರಿಂದ ಅನಾಹುತವು ತಪ್ಪಿತು.

ಪ್ರಕರಣವು ಊರಿನ ಧರ್ಮಾಧಿಕಾರಿಗಳ ಸಭೆಯ ಮುಂದೆ ಬಂದಿತು. ದೊಣ್ಣೆ ಹಿಡಿದವನ ತಪ್ಪನ್ನು ಸಭೆಯು ಒಪ್ಪಿತಾದರೂ ಬಾಖನನ್ನು ನಿರಪರಾಧಿಯೆಂದು ಬಿಡಲಿಲ್ಲ. ಆ ಅಡ್ಡಹೆಸರನ್ನು ಇಡಬಾರದಾಗಿತ್ತೆಂದೂ, ವಿದ್ಯಾರ್ಥಿಗಳೊಡನೆ ಆತನಿಗೆ ಹೊಂದಿಕೆಯಿಲ್ಲವೆಂಬ ಮಾತು ಮೊದಲೇ ಹಬ್ಬಿದೆಯೆಂದೂ, ಅಪೂರ್ಣರಾದ ಜನರೊಡನೆ ಬಾಳುವುದನ್ನು ಮನುಷ್ಯನು ಕಲಿಯಬೇಕೆಂದೂ ತಿಳಿಸಿತು. ಇಪ್ಪತ್ತು ವರುಷದ ತರುಣನಿಗೆ ಇಂಥ ಬುದ್ಧಿವಾದವು ರುಚಿಸಲಿಲ್ಲ. ಆರ್ಗನ್ ನುಡಿಸಲೆಂದು ತನ್ನನ್ನು ನೇಮಿಸಿದೆ, ಮೇಳಕ್ಕೆ ಪಾಠ ಹೇಳಲೆಂದಲ್ಲ, ಎಂಬುದೇ ಆತನ ವಾದವಾಗಿದ್ದಿತು. ಅದೇ ವರುಷದ ಚಳಿಗಾಲದಲ್ಲಿ ನಾಲ್ಕು ವಾರಗಳ ರಜೆ ಪಡೆದು, ವೃದ್ಧ ಆರ್ಗನ್ ವಾದಕ ಬುಕ್ಸ್‌ಟೆಹೂಡನ ವಾದನವನ್ನು ಕೇಳಲು ಸುಮಾರು 400 ಕಿಲೋಮೀಟರು ದೂರದ ಲ್ಯೂಬೆಕ್ ಪಟ್ಟಣಕ್ಕೆ ನಡೆದೇ ಹೋದನು. ಮರಳಿ ಬಂದುದು ಸುಮಾರು ನಾಲ್ಕು ತಿಂಗಳ ಮೇಲೆ. ಗುರುವನ್ನು ಹುಡುಕಿಕೊಂಡು ಅಷ್ಟು ದೂರ ನಡೆಯಬಲ್ಲವನು ತನ್ನ ಎದುರಿನಲ್ಲಿಯೇ ಇದ್ದ ಅರೆಗಲಿತ ಹುಡುಗರ ಕಡೆಗೆ ಒಂದು ಹೆಜ್ಜೆ ಇಡಲೊಲ್ಲದೆ ಹೋದನು. ಅಧಿಕಾರಿಗಳು ಮತ್ತೆ ಮತ್ತೆ ಕೇಳಿದರೂ ಮೇಳದ ವಿಷಯದಲ್ಲಿ ಆತನಿಂದ ತೃಪ್ತಿಕರವಾದ ಉತ್ತರವು ಬರಲಿಲ್ಲ.

ತರುವಾಯದ ಹದಿನಾರು ವರುಷಗಳನ್ನು ಬೇಗ ದಾಟಬಹುದು. 1707 ರಲ್ಲಿ ಮ್ಯೂಲ್‌ಹೌಸೆನ್, ಅದೇ ವರುಷ ಬಂಧುವರ್ಗದ ಮರಿಯಾ ಬಾರ್ಬರಾಳೊಡನೆ ವಿವಾಹ. 1708 ರಿಂದ ವೈಮಾರಿನ ಅರಮನೆ. 1717 ರಿಂದ ಕ್ಯೋಥೆನ್ ಅರಸನ ಆಸ್ಥಾನ. ವೈಮಾರನ್ನು ಬಿಡಲು ಹಟ ಹಿಡಿದುದಕ್ಕಾಗಿ ಅಲ್ಲಿಯ ದೊರೆಯು ಆತನನ್ನು ಸುಮಾರು ನಾಲ್ಕು ವಾರ ಸೆರೆಯಲ್ಲಿಟ್ಟದ್ದೂ ಉಂಟು. ಕ್ಯೋಥೆನ್ನಿನ ಅರಸನು ಸಂಗೀತವನ್ನು ಬಲ್ಲವನು, ವಾದ್ಯಗಾರರೆಲ್ಲ ನುರಿತವರು. ಅಲ್ಲಿ ಯಾರನ್ನೂ ತಿದ್ದುವ ಶ್ರಮವಿರಲಿಲ್ಲ. ಆದರೆ 1720 ರಲ್ಲಿ ಅರಸನೊಡನೆ ಪರಸ್ಥಳಕ್ಕೆ ಹೋಗಿ ಮರಳಿದಾಗ ಹೆಂಡತಿಯು ತೀರಿಕೊಂಡು ಮಣ್ಣೂ ಆಗಿಹೋಗಿದ್ದಿತು. ಮರುವರುಷ ಆಸ್ಥಾನಗಾಯಕಿಯಾದ ಆನ್ನಾ ಮಗ್ದಲೇನಾಳನ್ನು ಆತನು ಮದುವೆಯಾದನು. ಎರಡು ಸಂಸಾರಗಳಿಂದ ಆತನಿಗೆ ಹುಟ್ಟಿದ ಮಕ್ಕಳು ಇಪ್ಪತ್ತು. ಬೆಳೆದು ದೊಡ್ಡವರಾದವರು ಹತ್ತು ಮಂದಿ ಮಾತ್ರ.

1723 ರಲ್ಲಿ ಲೈಪ್‌ಜಿಗ್ ನಗರದ ಸಂತ ಥಾಮಸನ ಶಾಲೆಗೆ ಕ್ಯಾಂಟರ್, ಎಂದರೆ ಪ್ರಾರ್ಥನಾಗಾಯನದ ಗುರು, ಬೇಕಾಗಿದ್ದನು. ಪುರಸಭೆಯು ಮೊದಲು ಬಯಸಿದ ಟೆಲೆಮನ್ ಎಂಬ ಪ್ರಸಿದ್ಧನು ಒಲ್ಲೆನೆಂದನು. ಎರಡನೆಯವನಾದ ಗ್ರೌಪ್ನರನನ್ನು ಅವನ ದೊರೆಯು ಬಿಟ್ಟುಕೊಡಲಿಲ್ಲ. ಉತ್ತಮರು ಸಿಗದಿರುವಾಗ ಮಧ್ಯಮರನ್ನೇ ಒಪ್ಪಿಕೊಳ್ಳಬೇಕಾಗುತ್ತದೆಂದು ಒಬ್ಬ ಸದಸ್ಯನು ಆಡಿದ ಮಾತು ದಾಖಲೆಯಲ್ಲಿ ಉಳಿದಿದೆ. ಹೀಗೆ ಮಧ್ಯಮನೆನಿಸಿಕೊಂಡು ಬಾಖನು ಆ ಸ್ಥಾನಕ್ಕೆ ಬಂದನು.

ನೇಮಕದ ಹೊತ್ತಿಗೆ ಆತನು ಸಹಿ ಮಾಡಿದ ಕರಾರುಪತ್ರದಲ್ಲಿ ಹದಿನಾಲ್ಕು ಕಲಮುಗಳಿದ್ದವು. ನಗರಾಧ್ಯಕ್ಷನ ಅಪ್ಪಣೆಯಿಲ್ಲದೆ ಊರು ಬಿಡಬಾರದು, ಚರ್ಚಿನ ಸಂಗೀತವು ನಾಟಕದ ಹಾಡಿನಂತಾಗಬಾರದು, ಶವಯಾತ್ರೆಗಳಲ್ಲಿ ಹುಡುಗರೊಡನೆ ನಡೆಯಬೇಕು, ಎಂಬಂಥವು ಅವುಗಳಲ್ಲಿ ಕೆಲವು. ಇನ್ನೊಂದು ಕಲಮು ಹುಡುಗರನ್ನು ಸ್ನೇಹದಿಂದಲೂ ಎಚ್ಚರಿಕೆಯಿಂದಲೂ ನಡೆಸಿಕೊಳ್ಳಬೇಕೆಂದೂ, ಮಾತು ಕೇಳದವರನ್ನು ಮಿತಿಯರಿತು ದಂಡಿಸಬೇಕೆಂದೂ ವಿಧಿಸಿದ್ದಿತು. ಬೆತ್ತವೇ ವಿದ್ಯೆಗೆ ದಾರಿಯೆಂದು ನಂಬಿದ್ದ ಆ ಕಾಲದಲ್ಲಿ ಸ್ನೇಹ, ಎಚ್ಚರ ಎಂಬ ಎರಡು ಶಬ್ದಗಳು ಕರಾರಿನೊಳಗೆ ಬಂದುದು ಸಣ್ಣ ಸಂಗತಿಯಲ್ಲ. ಆರ್ನ್‌ಸ್ಟಾಟಿನ ಸಂತೆಯ ಚೌಕದಲ್ಲಿ ಕತ್ತಿ ಹಿರಿದವನು ಮೂವತ್ತೆಂಟನೆಯ ವಯಸ್ಸಿನಲ್ಲಿ ಆ ಶಬ್ದಗಳ ಕೆಳಗೆ ತನ್ನ ಹೆಸರನ್ನು ಬರೆದನು.

ಆ ಶಾಲೆಯ ಸ್ಥಿತಿಯನ್ನು ಇಲ್ಲಿ ತುಸು ವಿವರಿಸಬೇಕು. ಸುಮಾರು 55 ಹುಡುಗರು ಅಲ್ಲಿಯೇ ಉಂಡು, ಮಲಗಿ, ಓದುತ್ತಿದ್ದರು. ಹೆಚ್ಚಿನವರು ಬಡವರ ಮಕ್ಕಳು. ಕಟ್ಟಡವು ಹಳೆಯದು, ಇಕ್ಕಟ್ಟಾದುದು. ಬೇಸಗೆಯಲ್ಲಿ ಐದು ಗಂಟೆಗೆ, ಚಳಿಗಾಲದಲ್ಲಿ ಆರು ಗಂಟೆಗೆ ಹುಡುಗರು ಏಳಬೇಕು. ಅವರನ್ನೇ ನಾಲ್ಕು ಮೇಳಗಳಾಗಿ ಹಂಚಿ ಊರಿನ ನಾಲ್ಕು ಚರ್ಚುಗಳಲ್ಲಿ ಹಾಡಿಸಬೇಕು. ಮೊದಲನೆಯ ಮೇಳವನ್ನು ಕ್ಯಾಂಟರನು ತಾನೇ ನಡೆಸುವನು. ಉಳಿದವನ್ನು ಪ್ರಿಫೆಕ್ಟರೆಂದು ಕರೆಯಲ್ಪಡುವ ಹಿರಿಯ ವಿದ್ಯಾರ್ಥಿಗಳು ನಡೆಸುವರು. ಹಾಡಲು ಬಾರದವರೆಲ್ಲ ನಾಲ್ಕನೆಯ ಮೇಳಕ್ಕೆ ಬೀಳುವರು. ಮದುವೆಗೆ ಹಾಡು, ಶವಸಂಸ್ಕಾರಕ್ಕೆ ಹಾಡು, ಹಬ್ಬದಲ್ಲಿ ಮನೆಮನೆಯ ಮುಂದೆ ಹಾಡು; ಹಿಮ ಬೀಳುತ್ತಿದ್ದರೂ ಬೀದಿಯಲ್ಲಿ ನಿಂತು ಹಾಡಿದುದರಿಂದ ಬಂದ ಕಾಸಿನಲ್ಲಿ ಹುಡುಗರಿಗೂ ಗುರುವಿಗೂ ಪಾಲು. ಹೀಗೆ ಕೆಮ್ಮುತ್ತ ಬಂದ ಕಂಠಗಳನ್ನೇ ಭಾನುವಾರದ ಪ್ರಾರ್ಥನೆಗೆ ಶ್ರುತಿಗೂಡಿಸಬೇಕಾಗಿದ್ದಿತು. ಕ್ಯಾಂಟರನ ಬಿಡಾರವೂ ಆ ಕಟ್ಟಡದಲ್ಲಿಯೇ. ಸರದಿಯ ವಾರ ಬಂದಾಗ ಹುಡುಗರು ಏಳುವುದರಿಂದ ಹಿಡಿದು ಮಲಗುವವರೆಗೆ ಮೇಲ್ವಿಚಾರಣೆಯ ಭಾರವು ಆತನದೇ. ಲ್ಯಾಟಿನ್ ಪಾಠವನ್ನು ಮಾತ್ರ ವರುಷಕ್ಕೆ 50 ಥಾಲರ್ ನಾಣ್ಯಗಳನ್ನು ತನ್ನ ಕೈಯಿಂದ ಕೊಟ್ಟು ಸಹೋದ್ಯೋಗಿಗೆ ವಹಿಸಿದನು.

ಬಂದ ಹೊಸದರಲ್ಲಿ ಬಾಖನು ತೋರಿದ ಶ್ರದ್ಧೆಯು ಅದ್ಭುತವಾದುದು. ಭಾನುವಾರ ಭಾನುವಾರಕ್ಕೆ ಕಾಂಟಾಟಾ ಎಂಬ ಗೇಯಪ್ರಬಂಧವೊಂದನ್ನು ಬಹುಪಾಲು ಹೊಸದಾಗಿಯೇ ರಚಿಸತೊಡಗಿದನು. ಇಂದಿಗೆ ಉಳಿದು ಬಂದಿರುವ ಸುಮಾರು 200 ಪ್ರಬಂಧಗಳಲ್ಲಿ ಹೆಚ್ಚಿನವು ಆ ಕೆಲವೇ ವರುಷಗಳ ಫಲ. ರಚನೆಯು ಮುಗಿದ ಕೂಡಲೆ ಪ್ರತಿಯೊಂದು ಕಂಠಕ್ಕೂ ವಾದ್ಯಕ್ಕೂ ಬೇರೆ ಬೇರೆ ಸ್ವರಪತ್ರಗಳು ಬೇಕು. ಶಾಲೆಯ ಹುಡುಗರೂ ಮನೆಯ ಮಕ್ಕಳೂ ಹೆಂಡತಿಯೂ ಕುಳಿತು ನಕಲು ಮಾಡುವರು. ಅವಸರದಲ್ಲಿ ಬಿದ್ದ ತಪ್ಪುಗಳನ್ನು ಬಾಖನು ತನ್ನ ಕೈಯಾರೆ ತಿದ್ದಿ, ಎಲ್ಲಿ ಮೆಲ್ಲಗೆ, ಎಲ್ಲಿ ಗಟ್ಟಿಯಾಗಿ ಎಂಬ ಗುರುತುಗಳನ್ನು ಹಾಕುವನು. ಅಂಥ ಹಾಳೆಗಳು ಈಗಲೂ ಇವೆ: ಹುಡುಗನ ಎಳೆಯ ಬರಹ, ಅದರ ನಡುನಡುವೆ ಗುರುವಿನ ತಿದ್ದುಪಡಿ. ಅಭ್ಯಾಸಕ್ಕೆ ಸಿಗುತ್ತಿದ್ದ ಸಮಯ ಬಹಳ ಕಡಿಮೆ. ಹಾಡಬೇಕಾದುದು ಬಹಳ ಕಠಿನ. ಪವಿತ್ರವಾದ ಕೃತಿಗಳ ಮೊದಲಲ್ಲಿ ಪ್ರಭುವಿನ ನೆರವನ್ನು ಬೇಡುವ ಎರಡಕ್ಷರವನ್ನೂ, ಕೊನೆಯಲ್ಲಿ, ವಚನಕ್ಕೆ ಅಂಕಿತವು ಬರುವಂತೆ, ಕೀರ್ತಿಯೆಲ್ಲ ದೇವನಿಗೇ ಸಲ್ಲುವುದೆಂಬ ಅರ್ಥದ ಮೂರಕ್ಷರವನ್ನೂ ಆತನು ಬರೆಯುತ್ತಿದ್ದುದುಂಟು.

ಒಬ್ಬೊಬ್ಬ ಶಿಷ್ಯನೊಡನೆ ಕುಳಿತಾಗ ಬಾಖನು ಬೇರೆಯೇ ಮನುಷ್ಯನಾಗುತ್ತಿದ್ದನು. ಮೊದಲ ಕೆಲವು ತಿಂಗಳು ಬೆರಳಿನ ಸಾಧನೆಯೇ ಪಾಠ. ಹುಡುಗನು ಬೇಸರಗೊಂಡನೆಂದು ತೋರಿದರೆ ಆ ಸಾಧನೆಯನ್ನೇ ಒಳಗೊಂಡ ಚಿಕ್ಕ ರಚನೆಗಳನ್ನು ಆತನಿಗಾಗಿಯೇ ಬರೆದುಕೊಡುವನೆಂದು ಚರಿತ್ರೆಕಾರ ಫೋರ್ಕೆಲನು ಹೇಳಿದ್ದಾನೆ. ಗೆರ್ಬರ್ ಎಂಬ ಶಿಷ್ಯನ ಎದುರಿಗೆ, ಇಂದು ಪಾಠ ಹೇಳಲು ಮನಸ್ಸಿಲ್ಲವೆಂಬ ನೆವವೊಡ್ಡಿ, ತನ್ನ ದೊಡ್ಡ ಗ್ರಂಥವೊಂದನ್ನು ಮೊದಲಿನಿಂದ ಕೊನೆಯವರೆಗೆ ಮೂರು ಸಲ ನುಡಿಸಿ ಕೇಳಿಸಿದನಂತೆ. ಆ ಗಂಟೆಗಳು ನಿಮಿಷಗಳಂತೆ ಕಳೆದುಹೋದುವೆಂದು ಗೆರ್ಬರನು ಬಾಳಿನುದ್ದಕ್ಕೂ ಸ್ಮರಿಸುತ್ತಿದ್ದನು. ಬಯಸಿ ಬಂದ ಒಬ್ಬನಿಗೆ ಹೀಗೆ ತಾಳ್ಮೆಯ ಸಾಗರವಾಗಿದ್ದವನು ಬಯಸದೆ ಬಂದ ಐವತ್ತು ಮಂದಿಯ ಎದುರಿಗೆ ಅಷ್ಟೇ ತಾಳ್ಮೆಯನ್ನು ಉಳಿಸಿಕೊಳ್ಳುವುದು ಸಾಧ್ಯವಾಗಲಿಲ್ಲ. ಮೇಳದ ಕಷ್ಟವಿರುವುದೇ ಇಲ್ಲಿ.

1730 ರ ಹೊತ್ತಿಗೆ ಪುರಸಭೆಗೂ ಆತನಿಗೂ ವಿರಸವು ಬೆಳೆದಿದ್ದಿತು. ಪಾಠವನ್ನು ಅಲಕ್ಷಿಸುತ್ತಾನೆ, ಹೇಳಿದುದನ್ನು ಕೇಳುವುದಿಲ್ಲ ಎಂದು ಸದಸ್ಯರು ದೂರಿದರು. ಕಂಠವಿಲ್ಲದವರನ್ನು ಶಾಲೆಗೆ ಸೇರಿಸಿ ತನ್ನ ಕೊರಳಿಗೆ ಕಟ್ಟುತ್ತಾರೆಂಬುದು ಬಾಖನ ದೂರು. ಆ ವರುಷದ ಆಗಸ್ಟ್ 23 ರಂದು ಆತನು ಪುರಸಭೆಗೆ ಒಂದು ದೀರ್ಘ ನಿವೇದನೆಯನ್ನು ಬರೆದನು. ಒಂದು ಮೇಳಕ್ಕೆ ಕನಿಷ್ಠ ಹನ್ನೆರಡು ಮಂದಿ ಬೇಕು, ಹದಿನಾರು ಮಂದಿಯಾದರೆ ಇನ್ನೂ ಒಳ್ಳೆಯದು. ಪ್ರತಿಯೊಂದು ಸ್ವರಭಾಗಕ್ಕೆ ಮೂವರಾದರೂ ಇದ್ದರೆ ಒಬ್ಬನು ಕಾಯಿಲೆ ಬಿದ್ದರೂ ಹಾಡು ನಿಲ್ಲುವುದಿಲ್ಲ. ಮೊದಲು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಅಲ್ಪ ಸಂಭಾವನೆಯನ್ನು ನಿಲ್ಲಿಸಿದ ಮೇಲೆ ಅವರೂ ಬರುವುದಿಲ್ಲ; ಪುಕ್ಕಟೆಯಾಗಿ ಯಾರು ದುಡಿಯುವರು? ಇದೆಲ್ಲ ನ್ಯಾಯವಾದ ಮಾತೇ. ಕೊನೆಗೆ ಆತನು 54 ಹುಡುಗರನ್ನು ಹೆಸರು ಹಿಡಿದು ಮೂರು ಗುಂಪು ಮಾಡಿದನು: ಉಪಯುಕ್ತರು 17, ಇನ್ನೂ ಉಪಯೋಗಕ್ಕೆ ಬಾರದವರು 20, ಯಾವ ಕೆಲಸಕ್ಕೂ ಬಾರದವರು 17.

ಆ ಪಟ್ಟಿಯಲ್ಲಿ ಸುಳ್ಳಿಲ್ಲದಿರಬಹುದು. ಎರಡನೆಯ ಗುಂಪಿಗೆ ‘ಇನ್ನೂ’ ಎಂಬ ಒಂದು ಶಬ್ದವನ್ನು ಸೇರಿಸಿದುದರಲ್ಲಿ ಗುರುವಿನ ಭರವಸೆಯೂ ಅಡಗಿದೆ. ಆ ಇಪ್ಪತ್ತು ಮಂದಿಗೆ ಬಾಗಿಲು ತೆರೆದೇ ಇದ್ದಿತು. ಮೂರನೆಯ ಗುಂಪಿನ ಹದಿನೇಳು ಮಂದಿಯ ಪಾಲಿಗೆ ಆ ಶಬ್ದವಿರಲಿಲ್ಲ. ಅವರೂ ಅದೇ ಮಾಳಿಗೆಯ ಕೆಳಗೆ ಮಲಗುವವರು, ಅದೇ ಹಿಮದಲ್ಲಿ ಶವದ ಮುಂದೆ ಹಾಡುತ್ತ ನಡೆಯುವವರು. ತಮ್ಮನ್ನು ಶಾಲೆಗೆ ಸೇರಿಸಿದ ದೊಡ್ಡವರ ತಪ್ಪಿಗೆ ಹೊಣೆಗಾರರಲ್ಲದವರು. ದೂರು ಇದ್ದುದು ಪುರಸಭೆಯ ಮೇಲೆ. ಅಯೋಗ್ಯರೆಂಬ ಕಾಗದದ ಮೇಲೆ ಶಾಶ್ವತವಾಗಿ ಉಳಿದುದು ಹುಡುಗರ ಹೆಸರು. ಆ ನಿವೇದನೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವೂ ಆದಂತೆ ಕಾಣುವುದಿಲ್ಲ. ಎರಡು ತಿಂಗಳ ತರುವಾಯ ಬಾಖನು ಹಳೆಯ ಸಹಪಾಠಿ ಎರ್ಡ್‌ಮನ್ನನಿಗೆ ಬೇರೊಂದು ಕೆಲಸವನ್ನು ಹುಡುಕಿಕೊಡಲು ಕೇಳಿ ಪತ್ರ ಬರೆದನು. ಊರಿನ ಹವೆಯು ಆರೋಗ್ಯಕರವಾದ ವರುಷ ಸಾಯುವವರು ಕಡಿಮೆಯಾಗಿ ತನ್ನ ವರಮಾನವೂ ಕುಗ್ಗುವುದೆಂದು ಅದರಲ್ಲಿ ತೋಡಿಕೊಂಡಿದ್ದಾನೆ. ಓದಿದವರಿಗೆ ನಗು ಬರುವುದಾದರೂ ತುಂಬಿದ ಸಂಸಾರವನ್ನು ಹೊತ್ತವನ ಸಂಕಟವು ಅದರಲ್ಲಿದೆ.

ಅದೇ ವರುಷ ಶಾಲೆಗೆ ಗೆಸ್ನರ್ ಎಂಬ ಹೊಸ ರೆಕ್ಟರನು, ಎಂದರೆ ಮುಖ್ಯೋಪಾಧ್ಯಾಯನು, ಬಂದುದು ಬಾಖನ ಭಾಗ್ಯ. ಅವನು ವಿದ್ವಾಂಸ, ಸಹೃದಯಿ. ಅವನ ಕಾಲದಲ್ಲಿಯೇ ಹಳೆಯ ಕಟ್ಟಡಕ್ಕೆ ಅಂತಸ್ತುಗಳು ಏರಿ, ಇಕ್ಕಟ್ಟು ಕಡಿಮೆಯಾಯಿತು. ಅವನು ಲೈಪ್‌ಜಿಗನ್ನು ಬಿಟ್ಟು ಹೋದ ಕೆಲವು ವರುಷಗಳ ಮೇಲೆ ಪ್ರಾಚೀನ ಲ್ಯಾಟಿನ್ ಗ್ರಂಥವೊಂದಕ್ಕೆ ಟಿಪ್ಪಣಿ ಬರೆಯುತ್ತ, ಪ್ರಸಂಗವಶಾತ್ ಬಾಖನು ಮೇಳ ನಡೆಸುವ ರೀತಿಯನ್ನು ವರ್ಣಿಸಿದನು. ಮೂವತ್ತು ನಲವತ್ತು ಮಂದಿ ಹಾಡುತ್ತ ನುಡಿಸುತ್ತ ಇರುವಾಗ ಬಾಖನು ಒಬ್ಬನನ್ನು ತಲೆದೂಗಿ, ಇನ್ನೊಬ್ಬನನ್ನು ಕಾಲಿನ ತಾಳದಿಂದ, ಮತ್ತೊಬ್ಬನನ್ನು ಬೆರಳಿನ ಸನ್ನೆಯಿಂದ ಸರಿದಾರಿಗೆ ತರುವನು. ಒಬ್ಬನಿಗೆ ಮೇಲಿನ ಸ್ವರವನ್ನೂ ಒಬ್ಬನಿಗೆ ಕೆಳಗಿನ ಸ್ವರವನ್ನೂ ಒಬ್ಬನಿಗೆ ನಡುವಿನ ಸ್ವರವನ್ನೂ ಹಿಡಿದು ಕೊಡುವನು. ಎಲ್ಲರಿಗಿಂತ ಕಠಿನವಾದ ಭಾಗವನ್ನು ತಾನು ವಹಿಸಿಕೊಂಡಿದ್ದರೂ ಅಷ್ಟು ಗದ್ದಲದಲ್ಲಿ ಎಲ್ಲಿ ಯಾರು ತಪ್ಪಿದರೆಂಬುದು ಆತನ ಕಿವಿಗೆ ತಟ್ಟನೆ ತಿಳಿಯುವುದು. ತಪ್ಪಿದವನನ್ನು ಎತ್ತಿ ಹಿಡಿದು ಎಲ್ಲರನ್ನೂ ಒಟ್ಟಿಗೆ ಒಯ್ಯುವನು. ಈ ವರ್ಣನೆಯಲ್ಲಿ ಬೈಗುಳವಿಲ್ಲ, ಬೆತ್ತವಿಲ್ಲ. ಅವಧಾನವೊಂದೇ ಇದೆ. ಹಾಡು ನಡೆಯುತ್ತಿರುವಷ್ಟು ಹೊತ್ತು ಆ ನಲವತ್ತು ಮಂದಿಯಲ್ಲಿ ಒಬ್ಬನೂ ಆತನಿಗೆ ಬೇಡವಾದವನಲ್ಲ. ಮೂರು ಗುಂಪಿನ ಪಟ್ಟಿಯನ್ನು ಬರೆದ ಕೈಯೂ ಈ ಸನ್ನೆ ಮಾಡುವ ಬೆರಳೂ ಒಬ್ಬನದೇ ಎಂಬುದನ್ನು ನಂಬುವುದು ಕಷ್ಟ. ಆದರೂ ಎರಡೂ ಸತ್ಯ.

1734 ರಲ್ಲಿ ಗೆಸ್ನರನ ಸ್ಥಾನಕ್ಕೆ ಬಂದ ಎರ್ನೆಸ್ಟಿಯು ಬಾಖನಿಗಿಂತ ಇಪ್ಪತ್ತೆರಡು ವರುಷ ಚಿಕ್ಕವನು. ಅವನು ಮುಂದೆ ಧರ್ಮಗ್ರಂಥಗಳ ವ್ಯಾಖ್ಯಾನದಲ್ಲಿ ಹೆಸರು ಗಳಿಸಿದ ಪಂಡಿತ. ಶಾಲೆಯ ಏಳಿಗೆಯು ಪಾಂಡಿತ್ಯದಿಂದಲೇ ಎಂದು ನಂಬಿದವನು. ಹಾಡಿಕೊಂಡು ತಿರುಗುವುದರಲ್ಲಿ ಹುಡುಗರ ಓದು ಕೆಡುತ್ತದೆಂಬ ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಇಬ್ಬರೂ ತಮ್ಮ ತಮ್ಮ ವಿದ್ಯೆಗೆ ನಿಷ್ಠರು. ಇಬ್ಬರ ನಡುವೆ ಹುಡುಗರಿದ್ದರು.

1736 ರಲ್ಲಿ ಮೊದಲನೆಯ ಪ್ರಿಫೆಕ್ಟನಾದ ಗಾಟ್‌ಫ್ರೀಡ್ ಕ್ರೌಸೆ ಎಂಬ ಹಿರಿಯ ವಿದ್ಯಾರ್ಥಿಯು, ಮದುವೆಯೊಂದರಲ್ಲಿ ಅಶಿಸ್ತಿನಿಂದ ನಡೆದ ಚಿಕ್ಕ ಹುಡುಗರನ್ನು ಮಿತಿಮೀರಿ ಹೊಡೆದನು. ಎರ್ನೆಸ್ಟಿಯು ಅವನಿಗೆ ಶಾಲೆಯವರೆಲ್ಲರ ಎದುರಿನಲ್ಲಿ ಬೆತ್ತದ ಏಟಿನ ಶಿಕ್ಷೆಯನ್ನು ವಿಧಿಸಿದನು. ಬಾಖನು ಅವನ ಪರವಾಗಿ ಬೇಡಿಕೊಂಡರೂ ಕೇಳಲಿಲ್ಲ. ವಿಶ್ವವಿದ್ಯಾಲಯಕ್ಕೆ ಹೊರಡಲಿದ್ದ ತರುಣನು ಆ ಅವಮಾನಕ್ಕೆ ಅಂಜಿ ಶಾಲೆಯನ್ನೇ ಬಿಟ್ಟು ಹೋದನು. ತೆರವಾದ ಸ್ಥಾನಕ್ಕೆ ರೆಕ್ಟರನು ಕ್ರೌಸೆ ಎಂಬ ಹೆಸರಿನವನೇ ಆದ ಮತ್ತೊಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿದನು. ಇವನಿಗೆ ತಾಳಜ್ಞಾನವಿಲ್ಲವೆಂದು ಬಾಖನು ಕೆಳಗಿಳಿಸಿದನು. ರೆಕ್ಟರನು ಮತ್ತೆ ಮೇಲೇರಿಸಿದನು. ಪ್ರಿಫೆಕ್ಟನನ್ನು ಆರಿಸುವ ಅಧಿಕಾರವು ಯಾರದೆಂಬುದು ಹಟದ ಪ್ರಶ್ನೆಯಾಯಿತು.

ಆಗಸ್ಟ್ ತಿಂಗಳಿನ ಭಾನುವಾರಗಳಲ್ಲಿ ಈ ಜಗಳವು ದೇವರ ಮುಂದೆಯೇ ನಡೆಯಿತು. ಪ್ರಾರ್ಥನೆಯು ಸಾಗುತ್ತಿರುವಾಗಲೇ ಬಾಖನು ಗಾಯಕರ ಅಟ್ಟದಿಂದ ಆ ಕ್ರೌಸೆಯನ್ನು ಗದ್ದಲ ಮಾಡಿ ಹೊರಗಟ್ಟಿದನು. ಬಾಖನು ಹೇಳಿದಂತೆ ಯಾರಾದರೂ ಮೇಳ ನಡೆಸಿದರೆ ಏಟೂ ಉಚ್ಚಾಟನೆಯೂ ತಪ್ಪವೆಂದು ರೆಕ್ಟರನು ಹುಡುಗರನ್ನು ಬೆದರಿಸಿದನು. ರೆಕ್ಟರನ ಮಾತಿಗೆ ಅಂಜಿ ಹಿಂಜರಿದ ಕ್ಯೂಟ್ಲರ್ ಎಂಬ ಹುಡುಗನನ್ನು ಬಾಖನು ಅದೇ ರಾತ್ರಿ ಊಟದ ಪಂಕ್ತಿಯಿಂದ ಎಬ್ಬಿಸಿದನು. ಹಾಡಿದರೆ ಒಬ್ಬನಿಂದ ಏಟು, ಹಾಡದಿದ್ದರೆ ಇನ್ನೊಬ್ಬನಿಂದ ಉಪವಾಸ ಎಂಬ ಗತಿ ಬಂದಿತು. ಮುಂದೆ ನಿಲ್ಲುವ ಧೈರ್ಯವು ಒಬ್ಬ ಬಾಲಕನಿಗೂ ಉಳಿಯಲಿಲ್ಲ; ಶಾಲೆ ಬಿಟ್ಟು ವಿಶ್ವವಿದ್ಯಾಲಯಕ್ಕೆ ಹೋಗಿದ್ದ ಕ್ರೆಬ್ಸ್ ಎಂಬ ಹಳೆಯ ಶಿಷ್ಯನನ್ನು ಬೇಡಿಕೊಂಡು ಹಾಡಿಸಬೇಕಾಯಿತು. ನಲವತ್ತು ಕಂಠಗಳ ನಡುವೆ ಒಂದು ಅಪಸ್ವರವನ್ನು ಗುರುತಿಸಬಲ್ಲವನಿಗೆ, ಬಟ್ಟಲು ಬಿಟ್ಟು ಎದ್ದು ಹೋದ ಆ ಹುಡುಗನ ಮುಖವು ಆ ರಾತ್ರಿ ಕಾಣಲಿಲ್ಲ. ರೆಕ್ಟರನಿಗೂ ಕಾಣಲಿಲ್ಲ.

ಪತ್ರದ ಮೇಲೆ ಪತ್ರವು ಪುರಸಭೆಗೆ ಹೋಯಿತು. ರಾಜನವರೆಗೂ ದೂರು ಮುಟ್ಟಿತು. ನವೆಂಬರಿನಲ್ಲಿ ಬಾಖನಿಗೆ ಆಸ್ಥಾನ ಸಂಗೀತಕಾರನೆಂಬ ಬಿರುದು ಬಂದಿತು. 1737 ರ ಏಪ್ರಿಲಿನಲ್ಲಿ ಪುರಸಭೆಯು ಇಬ್ಬರಿಗೂ ತಪ್ಪು ಹಂಚಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಆ ಕ್ರೌಸೆಯ ಶಾಲೆಯ ಅವಧಿಯೇ ಮುಗಿಯುತ್ತ ಬಂದಿದ್ದಿತು. ಗೆದ್ದವರು ಯಾರೆಂಬುದು ಸ್ಪಷ್ಟವಾಗಲಿಲ್ಲ. ಶಾಲೆಯಲ್ಲಿ ಓದುವವರು, ಹಾಡುವವರು ಎಂಬ ಎರಡು ಪಂಗಡಗಳು ಮಾತ್ರ ಸ್ಪಷ್ಟವಾಗಿ ಉಳಿದವು; ಓದಿನಲ್ಲಿ ಮುಂದಾದವನನ್ನು ಕ್ಯಾಂಟರನೂ, ಹಾಡಿನಲ್ಲಿ ಮುಂದಾದವನನ್ನು ರೆಕ್ಟರನೂ ಕಡೆಗಣ್ಣಿನಿಂದ ನೋಡುವಂತಾಯಿತು.

ಆ ಮೇಲಿನ ವರುಷಗಳಲ್ಲಿ ಬಾಖನು ಮೇಳದ ವಿಷಯದಲ್ಲಿ ಮೊದಲಿನ ಉತ್ಸಾಹವನ್ನು ತೋರಲಿಲ್ಲ. ಕರಾರಿನ ಕೆಲಸವನ್ನು ಮಾಡುತ್ತ, ಮಿಕ್ಕ ಹೊತ್ತನ್ನು ಗಹನವಾದ ರಚನೆಗಳಿಗೆ ಮುಡಿಪಾಗಿಟ್ಟನು. ಬಿ ಮೈನರ್ ಮಾಸ್ ಎಂಬ ಮಹಾಕೃತಿಯನ್ನು ಪೂರ್ಣಗೊಳಿಸಿದುದು ಕೊನೆಯ ವರುಷಗಳಲ್ಲಿ. 1749 ರ ಜೂನಿನಲ್ಲಿ, ಆತನಿನ್ನೂ ಬದುಕಿರುವಾಗಲೇ, ಮುಂದಿನ ಕ್ಯಾಂಟರನಾಗಲಿರುವವನ ಪರೀಕ್ಷೆಯನ್ನು ನಗರದವರು ನಡೆಸಿದರು. ಮರುವರುಷ ಇಂಗ್ಲೆಂಡಿನ ಒಬ್ಬ ಕಣ್ಣಿನ ವೈದ್ಯನು ಎರಡು ಸಲ ಶಸ್ತ್ರಕ್ರಿಯೆ ಮಾಡಿದನು. ದೃಷ್ಟಿಯು ಹೋಯಿತು, ದೇಹವೂ ಕುಸಿಯಿತು. 1750 ರ ಜುಲೈ 28 ರ ಸಂಜೆ ಬಾಖನು ದೇಹವನ್ನು ಬಿಟ್ಟನು. ಸಮಾಧಿಗೆ ಕಲ್ಲು ನೆಡುವವರೂ ಇರಲಿಲ್ಲ. ಆನ್ನಾ ಮಗ್ದಲೇನಾಳು ಹತ್ತು ವರುಷ ಊರವರ ದಾನದ ಮೇಲೆ ಬದುಕಿ ತೀರಿಕೊಂಡಳು.

ಆತನ ದೊಡ್ಡ ಕೃತಿಗಳು ಬಹುಕಾಲ ಪೆಟ್ಟಿಗೆಗಳಲ್ಲಿ ಮಲಗಿದವು. ಸಂತ ಮ್ಯಾಥ್ಯೂವಿನ ಪ್ಯಾಶನ್ ಎಂಬ ಕೃತಿಯನ್ನು ಮೆಂಡೆಲ್ಸನ್ನನು ಬರ್ಲಿನ್ನಿನಲ್ಲಿ ಮತ್ತೆ ಹಾಡಿಸಿ ಲೋಕದ ಕಣ್ಣು ತೆರೆಸಿದುದು 1829 ರಲ್ಲಿ. ಆದರೆ ವಾದ್ಯವೃಂದದ ನೆರವಿಲ್ಲದೆಯೂ ಮೇಳದವರು ಹಾಡಬಹುದಾದ ಮೋಟೆಟ್ ಎಂಬ ಕೆಲವು ರಚನೆಗಳನ್ನು ಸಂತ ಥಾಮಸನ ಶಾಲೆಯ ಹುಡುಗರು ಬಿಟ್ಟಿರಲಿಲ್ಲ. ಒಂದು ತಲೆಮಾರಿನವರು ಹೋಗಿ ಇನ್ನೊಂದು ತಲೆಮಾರಿನವರು ಬಂದರೂ ಅವು ಅವರ ಬಾಯಲ್ಲಿ ಉಳಿದು ಬಂದವು. ಅವರನ್ನು ಆಗ ನಡೆಸುತ್ತಿದ್ದ ಡೋಲೆಸನು ಬಾಖನ ಶಿಷ್ಯ. 1789 ರಲ್ಲಿ ಮೊಟ್ಸಾರ್ಟನು ಲೈಪ್‌ಜಿಗಿಗೆ ಬಂದಾಗ ಆ ಹುಡುಗರು ಎಂಟು ಕಂಠಭಾಗಗಳ ಒಂದು ಮೋಟೆಟನ್ನು ಅವನಿಗೆ ಹಾಡಿ ಕೇಳಿಸಿದರು. ಅವನು ಬೆರಗಾಗಿ ಆ ರಚನೆಯ ಗ್ರಂಥವನ್ನು ತೋರಿಸಲು ಕೇಳಿದನು. ಎಲ್ಲ ಭಾಗಗಳನ್ನೂ ಒಂದೆಡೆ ಬರೆದ ಪ್ರತಿಯು ಶಾಲೆಯಲ್ಲಿರಲಿಲ್ಲ. ಒಬ್ಬೊಬ್ಬ ಹುಡುಗನು ಕೈಯಲ್ಲಿ ಹಿಡಿದು ಹಾಡುವ ಬಿಡಿ ಸ್ವರಪತ್ರಗಳು ಮಾತ್ರ ಇದ್ದವು. ಮೊಟ್ಸಾರ್ಟನು ಅವನ್ನೇ ತರಿಸಿ, ಕೈಯಲ್ಲಿ, ತೊಡೆಯ ಮೇಲೆ, ಸುತ್ತಲಿನ ಕುರ್ಚಿಗಳ ಮೇಲೆ ಹರಡಿಕೊಂಡು ಕುಳಿತು, ಒಂದೊಂದು ಹಾಳೆಯನ್ನೂ ನೋಡಿ ಮುಗಿಸುವವರೆಗೆ ಮೇಲೇಳಲಿಲ್ಲ.